ಮನೆಯಲ್ಲಿ ಜೋಡಿಸಿದ ಆಂಪ್ ಗುಂಯ್‌ಗುಡುತ್ತಿದ್ದರೆ ಹೀಗೆ ಹುಡುಕಿ

ಆಂಪ್ (ಆಂಪ್ಲಿಫೈಯರ್) ಗುಂಯ್ ಅಂದ ಕೂಡಲೇ ಐಸಿ, ಅಂದರೆ ಸದ್ದು ದೊಡ್ಡದು ಮಾಡುವ ಚಿಪ್, ಬದಲಿಸಲು ಹೋಗಬೇಡಿ. ಐಸಿ ಹಾಳಾದರೆ ಸಾಮಾನ್ಯವಾಗಿ ಸದ್ದೇ ನಿಲ್ಲುತ್ತದೆ, ಇಲ್ಲವೇ ಹಾಡು ಒಡೆದು ಕೇಳುತ್ತದೆ. ಗುಂಯ್ ಬರುವುದು ಹೆಚ್ಚಾಗಿ ವೈರಿಂಗ್‌ನಿಂದ ಅಥವಾ ಸಪ್ಲೈನಿಂದ, ಅಂದರೆ ಆಂಪಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ಭಾಗದಿಂದ.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಗುಂಯ್ ಹೋಯಿತು ಅಂದರೆ ತೊಂದರೆ ವಾಲ್ಯೂಮ್ ಕಂಟ್ರೋಲ್‌ಗಿಂತ ಮುಂಚೆ ಇದೆ: ಇನ್‌ಪುಟ್ ಕೇಬಲ್, ಜ್ಯಾಕ್, ಬ್ಲೂಟೂತ್ ಬೋರ್ಡ್. ಹಾಗೇ ಉಳಿದರೆ ಸಪ್ಲೈ ಅಥವಾ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ಮೈನಸ್ ದಾರಿ) ನೋಡಿ. ಎಲ್‌ಎ4440 ಐಸಿ ಇರುವಂಥ 12 ವೋಲ್ಟ್ ಆಂಪ್ ಆದರೆ ಇನ್ನೂ ಸುಲಭ. ಸಪ್ಲೈ ಬಿಡಿಸಿ, ಮಧ್ಯೆ ಒಂದು ಫ್ಯೂಸ್ ಹಾಕಿ, 12 ವೋಲ್ಟ್ ಬ್ಯಾಟರಿ ಕೊಟ್ಟು ನೋಡಿ. ಬ್ಯಾಟರಿಯಲ್ಲಿ ತಣ್ಣಗೆ ಹಾಡಿದರೆ ಕಳ್ಳ ಸಪ್ಲೈ ಕಡೆಯೇ ಇದ್ದಾನೆ.

ಆಗ ಸಪ್ಲೈಯ ಏರಿಳಿತ ಸಮ ಮಾಡುವ ಫಿಲ್ಟರ್ ಕೆಪಾಸಿಟರ್ ನೋಡಿ. ತಲೆ ಉಬ್ಬಿದ್ದರೆ ಬದಲಿಸಲೇಬೇಕು. 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಎಂದು 16 ವೋಲ್ಟಿನ ಕೆಪಾಸಿಟರ್ ಹಾಕುವವರಿದ್ದಾರೆ, ಆದರೆ ಡಯೋಡ್ ದಾಟಿದ ಮೇಲೆ ಲೋಡ್ ಇಲ್ಲದಾಗ ಅಲ್ಲಿ 16ಕ್ಕಿಂತ ಜಾಸ್ತಿ ಬರಬಹುದು. 25 ವೋಲ್ಟ್, 4700 ಮೈಕ್ರೋಫ್ಯಾರಡ್ ಹಾಕಿ. ಮುಟ್ಟುವ ಮೊದಲು ಪ್ಲಗ್ ತೆಗೆದು ಕೆಪಾಸಿಟರಿನಲ್ಲಿ ಉಳಿದ ಚಾರ್ಜ್ ಖಾಲಿ ಮಾಡಿ, ಟ್ರಾನ್ಸ್‌ಫಾರ್ಮರಿನ ಆ ಕಡೆ 230 ವೋಲ್ಟ್ ಇದೆ, ನೆನಪಿರಲಿ.

ಗ್ರೌಂಡ್ ವಿಷಯದಲ್ಲೇ ಜಾಸ್ತಿ ಜನ ಎಡವುವುದು. ಸ್ಪೀಕರಿನ ದೊಡ್ಡ ಕರೆಂಟ್ ಮತ್ತು ಇನ್‌ಪುಟ್ಟಿನ ಸಣ್ಣ ಸಿಗ್ನಲ್ ಒಂದೇ ತೆಳು ವೈರಿನಲ್ಲಿ ವಾಪಸ್ ಹೋದರೆ ಗಲಾಟೆ ಆಗದೆ ಇನ್ನೇನು? ಇನ್‌ಪುಟ್, ಸ್ಪೀಕರ್, ಸಪ್ಲೈ ಮೂರರ ಗ್ರೌಂಡನ್ನೂ ಬೇರೆ ಬೇರೆ ವೈರಿನಲ್ಲಿ ತಂದು ಮುಖ್ಯ ಕೆಪಾಸಿಟರಿನ ಮೈನಸ್ ಹತ್ತಿರ ಒಂದೇ ಕಡೆ ಸೇರಿಸಿ. ಇನ್‌ಪುಟ್ಟಿಗೆ ಶೀಲ್ಡ್ ವೈರ್ (ಸುತ್ತ ಲೋಹದ ಬಲೆ ಇರುವ ವೈರ್) ಬಳಸಿ, ಟ್ರಾನ್ಸ್‌ಫಾರ್ಮರಿನಿಂದ ದೂರ ಎಳೆಯಿರಿ.

ಲ್ಯಾಪ್‌ಟಾಪ್ ಚಾರ್ಜರ್ ತೆಗೆದಾಗ ಗುಂಯ್ ನಿಂತರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ದಾರಿಯಲ್ಲಿ ಗ್ರೌಂಡ್ ಸೇರಿ ಆದ ಸುತ್ತು. ಅದಕ್ಕೆ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಅರ್ಥಿಂಗ್ ಪಿನ್ ಕತ್ತರಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಬ್ಲೂಟೂತ್ ಬೋರ್ಡಿನ ಕೀಂಯ್ ಸದ್ದು ಬೇರೆ. ಆಂಪ್ ಮತ್ತು ಬೋರ್ಡ್ ಒಂದೇ ಸಪ್ಲೈ ಹಂಚಿಕೊಂಡಾಗ ಬರುತ್ತದೆ. ಬೋರ್ಡಿಗೆ ಪ್ರತ್ಯೇಕ ಮೊಬೈಲ್ ಚಾರ್ಜರ್ ಕೊಟ್ಟರೆ ಬಹುಪಾಲು ಹೋಗುತ್ತದೆ.

ಈಗ ನಮ್ಮ ಊರಿನ ರೋಗ. ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಉಪ್ಪು ಗಾಳಿಗೆ ಮಳೆಗಾಲದ ತೇವ ಸೇರಿದರೆ ತಾಮ್ರ ತಡೆಯುವುದಿಲ್ಲ. ಜ್ಯಾಕಿನ ಹೊರ ಉಂಗುರದ ಬುಡದಲ್ಲಿ ಹಸಿರು ಪುಡಿ ಕೂತಿದೆಯಾ ನೋಡಿ. ಗ್ರೌಂಡ್ ಹೋಗುವುದು ಆ ಉಂಗುರದಲ್ಲೇ, ಅದು ಅರೆಬರೆ ತಾಗಿದರೆ ಜೋರು ಗುಂಯ್ ಬರುತ್ತದೆ, ಕೈಯಲ್ಲಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆ ಟೂತ್‌ಬ್ರಷ್ ತಗೊಂಡು ಉಜ್ಜಿ, ಆಮೇಲೆ ಬೆಸುಗೆ ಹೊಸದಾಗಿ ಹಾಕಿ. ವಾಲ್ಯೂಮ್ ತಿರುಗಿಸುವಾಗ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ, ಆಗಲೂ ಹೋಗದಿದ್ದರೆ ಹೊಸದು ಹಾಕಿ, ಅಗ್ಗದ ವಸ್ತು ಅಲ್ವಾ.

ಶಿರಸಿ ಕಡೆಯವರು ಕರೆಂಟ್ ಹೋಗಿ ಇನ್ವರ್ಟರ್ ಶುರುವಾದಾಗ ಮಾತ್ರ ಬುರ್ರ್ ಅಂದರೆ ಆಂಪನ್ನು ಬಿಚ್ಚಬೇಡಿ. ನಯವಾದ ಅಲೆಯ ಬದಲು ಚೌಕದಂಥ ಅಲೆ ಕೊಡುವ ಸ್ಕ್ವೇರ್ ವೇವ್ ಇನ್ವರ್ಟರಿನ ಗುಣವೇ ಅದು. ಅಷ್ಟು ಹೊತ್ತು ಬ್ಯಾಟರಿಯಲ್ಲಿ ತಾಳಮದ್ದಲೆ ಕೇಳಿ.