70 ಸಾವಿರದ ಗೇಮಿಂಗ್ ಲ್ಯಾಪ್‌ಟಾಪ್: ದುಡ್ಡು ಎಲ್ಲಿ ಹಾಕಿದೆ, ಎಲ್ಲಿ ಉಳಿಸಿದೆ

ನನ್ನ ಬಜೆಟ್ 70 ಸಾವಿರ ರೂಪಾಯಿ. ಇನ್ನೊಂದು 20 ಸಾವಿರ ಸೇರಿಸಿದರೆ ಆಯ್ಕೆ ಸುಲಭವಾಗುತ್ತಿತ್ತು, ಆದರೆ ಆ 20 ಸಾವಿರ ಇರಲಿಲ್ಲ. 2024ರ ಹಬ್ಬದ ಸೇಲ್ ಹೊತ್ತಿಗೆ ಕೊಂಡೆ. ಅದಕ್ಕೂ ಮುಂಚೆ ಕೇಳಿದವರೆಲ್ಲ ಒಂದೊಂದು ಬ್ರ್ಯಾಂಡ್ ಹೆಸರು ಹೇಳಿದರು. ನಾನು ಬ್ರ್ಯಾಂಡ್ ವಿಷಯ ಪಕ್ಕಕ್ಕಿಟ್ಟು ಹಾಳೆಯ ನಡುವೆ ಒಂದು ಗೆರೆ ಎಳೆದೆ. ಎಡಗಡೆ ಆಮೇಲೆ ಬದಲಾಯಿಸೋಕೆ ಆಗದ್ದು, ಬಲಗಡೆ ಆಮೇಲೆ ಹಾಕಿಸಿಕೊಳ್ಳಬಹುದಾದ್ದು. ಗ್ರಾಫಿಕ್ಸ್ ಚಿಪ್ಪು, ಪ್ರೊಸೆಸರ್ ಎರಡೂ ಬೋರ್ಡಿಗೆ ಬೆಸೆದಿರುತ್ತವೆ, ಎಡಕ್ಕೆ. ಫ್ಯಾನು, ಶಾಖ ಎಳೆಯುವ ತಾಮ್ರದ ಪೈಪು, ಎಡಕ್ಕೆ. ಪರದೆ ಬದಲಾಯಿಸಬಹುದು, ಆದರೆ ಖರ್ಚು, ತಲೆನೋವು ಎರಡೂ ಜಾಸ್ತಿ. ಅದೂ ಎಡಕ್ಕೆ. ರ‍್ಯಾಮ್, ಫೈಲು-ಆಟ ಉಳಿಸಿಡುವ ಎಸ್‌ಎಸ್‌ಡಿ ಬಲಕ್ಕೆ. ದುಡ್ಡೆಲ್ಲ ಎಡಗಡೆಗೆ ಹೋಗಬೇಕು, ಬಲಗಡೆ ಎಷ್ಟು ಕಡಿಮೆ ಬಂದರೂ ಸರಿ.

ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜೋಡಿಸಿದರೆ ಇನ್ನೂ ಚೆನ್ನಾಗಿ ಓಡುತ್ತೆ ಅನ್ನೋದು ಗೊತ್ತಿತ್ತು. ಆದರೆ ನಾನಿರುವುದು ಬೆಂಗಳೂರಿನ ಪಿಜಿಯಲ್ಲಿ. ಮೇಜು ಅಂದರೆ ಮಂಚದ ಪಕ್ಕದ ಒಂದು ಹಲಗೆ. ಹಬ್ಬಕ್ಕೆ ಬಳ್ಳಾರಿಗೆ ಹೋಗುವಾಗ ಸಿಪಿಯು ಡಬ್ಬ ಹೊತ್ತುಕೊಂಡು ಬಸ್ ಹತ್ತೋಕಾಗುತ್ತಾ? ನಿಮಗೆ ಮನೆಯಲ್ಲಿ ಜಾಗ ಇದ್ದು, ಊರೂರು ತಿರುಗುವ ಕೆಲಸ ಇಲ್ಲದಿದ್ದರೆ ಸುಮ್ನೆ ಡೆಸ್ಕ್‌ಟಾಪ್ ತಗೊಳ್ಳಿ.

ಮೊದಲು ಆಡುವ ಆಟಗಳನ್ನು ಬರೆದುಕೊಂಡೆ. ಸ್ನೇಹಿತರ ಜೊತೆ ವ್ಯಾಲರಂಟ್. ಒಬ್ಬನೇ ಇದ್ದಾಗ ಫೋರ್ಜಾ ಹೊರೈಜನ್ 5, ಸೈಬರ್‌ಪಂಕ್ 2077. ಹಳೇ ಜಿಟಿಎ 5 ಅಂತೂ ಇದ್ದೇ ಇದೆ. ಈ ಪಟ್ಟಿಯಲ್ಲಿ ವ್ಯಾಲರಂಟ್, ಜಿಟಿಎ ಎರಡೂ ಹಗುರ. ಬರೀ ವ್ಯಾಲರಂಟ್ ಆಡುವವರಿಗೆ 50 ಸಾವಿರದ ಯಂತ್ರ ಧಾರಾಳವಾಗಿ ಸಾಕು, ಅಲ್ಲಿ ಗ್ರಾಫಿಕ್ಸ್ ಚಿಪ್ಪಿಗಿಂತ ಪ್ರೊಸೆಸರ್‌ಗೇ ಕೆಲಸ ಹೆಚ್ಚು. ನನ್ನ ಬಜೆಟ್ ಮೇಲಕ್ಕೆ ಎಳೆದದ್ದು ಸೈಬರ್‌ಪಂಕ್ ಒಂದೇ. ಅದನ್ನು ಫುಲ್ ಎಚ್‌ಡಿಯಲ್ಲಿ, ಮಧ್ಯಮ ಸೆಟ್ಟಿಂಗ್‌ನಲ್ಲಿ, 60 ಎಫ್‌ಪಿಎಸ್ (ಸೆಕೆಂಡಿಗೆ 60 ಚಿತ್ರ) ಹತ್ತಿರ ಆಡಬೇಕು. ಗುರಿ ಅಷ್ಟೇ.

ಆ ಬೆಲೆಯಲ್ಲಿ ಆಗ ಸಿಗುತ್ತಿದ್ದ ಗ್ರಾಫಿಕ್ಸ್ ಚಿಪ್ಪು ಅಂದರೆ ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 2050, 3050, 4050. ಹೆಸರು ನೋಡಿದರೆ ಒಂದೊಂದೇ ಮೆಟ್ಟಿಲು ಅನ್ನಿಸುತ್ತದೆ, ಆದರೆ ಒಳಗೆ ಹಾಗಿಲ್ಲ. 2050ಕ್ಕೂ 4 ಜಿಬಿಯ 3050ಕ್ಕೂ ಕೋರ್ (ಲೆಕ್ಕ ಮಾಡುವ ಘಟಕ) ಎಣಿಕೆ ಒಂದೇ, 2048. ಆದರೆ 2050ರಲ್ಲಿ ಮೆಮೊರಿಯ ದಾರಿ 64 ಬಿಟ್, 3050ರಲ್ಲಿ 128 ಬಿಟ್. 3050 ಅಂತಲೇ ಇನ್ನೊಂದು ಬಂತು, 6 ಜಿಬಿಯದ್ದು, ಅದರಲ್ಲಿ ಕೋರ್ 2560. ಅಂಗಡಿಯ ಚೀಟಿಯಲ್ಲಿ ಎರಡಕ್ಕೂ ಬರೀ ‘3050’ ಅಂತ ಬರೆದಿರುತ್ತಾರೆ. ನನಗೆ ಆ 4 ಮತ್ತು 6ರ ನಡುವಿನ ವ್ಯತ್ಯಾಸವೇ ದೊಡ್ಡದಾಗಿ ಕಂಡಿತು. ವಿಡಿಯೋ ಮೆಮೊರಿ ತುಂಬಿದ ಮೇಲೆ ಉಳಿದದ್ದು ಸಾಮಾನ್ಯ ರ‍್ಯಾಮ್‌ಗೆ ಹರಿಯುತ್ತದೆ, ಅದು ನಿಧಾನ. ಆಗ ಆಟ ನಿಂತು ನಿಂತು ಓಡುತ್ತದೆ, ಇಲ್ಲವೇ ಗೋಡೆ, ರಸ್ತೆ ಎಲ್ಲ ಮಸುಕಾಗಿ ಕಾಣುತ್ತವೆ. 2023ರ ನಂತರ ಬಂದ ದೊಡ್ಡ ಆಟಗಳಲ್ಲಿ 4 ಜಿಬಿಯಲ್ಲಿ ಈ ಪಾಡು ಬಹಳ. ಹಾಗಾಗಿ 6 ಜಿಬಿಗಿಂತ ಕಡಿಮೆ ಬೇಡ ಅಂತ ತೀರ್ಮಾನಿಸಿದೆ. 4050ರಲ್ಲಿ ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಚಿತ್ರ ಸೇರಿಸಿ ಎಫ್‌ಪಿಎಸ್ ಏರಿಸುವುದು) ಇದೆ ಅಂತ ಜಾಹೀರಾತಿನಲ್ಲಿ ಬಡಿದುಕೊಳ್ಳುತ್ತಾರೆ. ಅದನ್ನು ಆನ್ ಮಾಡಿದರೆ ಇರುವ 6 ಜಿಬಿಯಲ್ಲೇ ಇನ್ನಷ್ಟು ಜಾಗ ಹೋಗುತ್ತದೆ. ನಾನು ಡಿಎಲ್‌ಎಸ್‌ಎಸ್ (ಚಿತ್ರವನ್ನು ಚಿಕ್ಕದಾಗಿ ಮಾಡಿ ಆಮೇಲೆ ಹಿಗ್ಗಿಸುವ ಸೌಲಭ್ಯ) ‘ಕ್ವಾಲಿಟಿ’ ಇಟ್ಟು ಆಡುತ್ತೇನೆ, ಫ್ರೇಮ್ ಜನರೇಷನ್ ಮುಟ್ಟುವುದಿಲ್ಲ.

ಇನ್ನು ವ್ಯಾಟ್. ಲ್ಯಾಪ್‌ಟಾಪ್ ಗ್ರಾಫಿಕ್ಸ್‌ನಲ್ಲಿ ಜನ ಬಿಟ್ಟುಬಿಡುವ ಲೆಕ್ಕ ಇದು. ಎನ್‌ವಿಡಿಯಾ ಚಿಪ್ಪು ಕೊಡುತ್ತದೆ, ಅದಕ್ಕೆ ಎಷ್ಟು ಕರೆಂಟ್ ಉಣಿಸಬೇಕು ಅನ್ನುವುದನ್ನು ಲ್ಯಾಪ್‌ಟಾಪ್ ಕಂಪನಿ ನಿರ್ಧರಿಸುತ್ತದೆ. ಇದನ್ನೇ ಟಿಜಿಪಿ ಅನ್ನುವುದು. 4050ಕ್ಕೆ 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಇಡಬಹುದು. ತೆಳ್ಳಗಿನ ಯಂತ್ರದ 45 ವ್ಯಾಟ್ 4050, ದಪ್ಪ ಯಂತ್ರದ 95 ವ್ಯಾಟ್ 4050 ಒಂದೇ ಅಲ್ಲ. ಒಂದು ಮಟ್ಟ ದಾಟಿದ ಮೇಲೆ ಲಾಭ ಕಡಿಮೆಯಾಗುತ್ತದೆ, 95ಕ್ಕೂ 110ಕ್ಕೂ ಅಂಥ ವ್ಯತ್ಯಾಸ ಇಲ್ಲ. ಕೆಳಗಡೆ ಮಾತ್ರ ಒಂದೊಂದು ವ್ಯಾಟೂ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಅಂಗಡಿ ಅಂಗಡಿ ತಿರುಗಿ ಟಿಜಿಪಿ ಎಷ್ಟು ಅಂತ ಕೇಳಿದೆ. ಹೆಚ್ಚಿನವರು ನನ್ನ ಮುಖ ನೋಡಿದರು. ಆಗ ಕೆಲಸಕ್ಕೆ ಬಂದದ್ದು ಅಡಾಪ್ಟರ್. ಅದರ ಹೊಟ್ಟೆಯ ಮೇಲೆ ಸಣ್ಣಕ್ಷರದಲ್ಲಿ ಔಟ್‌ಪುಟ್ ಬರೆದಿರುತ್ತಾರೆ. 20 ವೋಲ್ಟ್, 6.75 ಆಂಪ್ ಅಂತ ಇದ್ದರೆ ಗುಣಿಸಿ, 135 ವ್ಯಾಟ್. ಪ್ರೊಸೆಸರ್, ಪರದೆ, ಫ್ಯಾನು ಎಲ್ಲ ಅದರಲ್ಲೇ ಬದುಕಬೇಕು. ಅಂದರೆ ಗ್ರಾಫಿಕ್ಸ್‌ಗೆ 100 ವ್ಯಾಟ್ ಸಿಗುವ ಮಾತೇ ಇಲ್ಲ. 170, 180 ವ್ಯಾಟ್ ಅಡಾಪ್ಟರ್ ಕೊಟ್ಟಿದ್ದರೆ ಕಂಪನಿ ಕೈ ಬಿಚ್ಚಿದೆ ಅಂತ ಅರ್ಥ. ಡೆಮೊ ಯಂತ್ರ ಆನ್ ಇದ್ದ ಕಡೆ ಇನ್ನೂ ಸುಲಭ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನಲ್ ತೆರೆದು ಸಿಸ್ಟಮ್ ಇನ್‌ಫರ್ಮೇಷನ್‌ಗೆ ಹೋದರೆ ಗರಿಷ್ಠ ಗ್ರಾಫಿಕ್ಸ್ ಪವರ್ ಅಂತ ಅಲ್ಲೇ ಬರೆದಿರುತ್ತದೆ.

ಪ್ರೊಸೆಸರ್ ಬಗ್ಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಈ ದರ್ಜೆಯ ಗ್ರಾಫಿಕ್ಸ್‌ಗೆ ಇಂಟೆಲ್ ಐ5-12450ಎಚ್ ಸಾಕು, ರೈಜನ್ 5ರ 6 ಕೋರ್ ಸಾಕು. ಅಕ್ಷರಗಳಿಗೆ ಮಾತ್ರ ಮರುಳಾಗಬೇಡಿ. 12450ಎಚ್‌ಎಕ್ಸ್ ಅಂತ ಬಾಲ ಉದ್ದವಾದರೂ ಕೋರ್ ಅವೇ 8. ರೈಜನ್ 7 7435ಎಚ್‌ಎಸ್ ಅಂತ ಒಂದಿದೆ, 8 ಕೋರ್, ಬೆಲೆ ಅಗ್ಗ. ಅದರಲ್ಲಿ ಒಳಗಿನ ಸಣ್ಣ ಗ್ರಾಫಿಕ್ಸ್ ಇಲ್ಲ. ಹಾಗಾಗಿ ಪಿಡಿಎಫ್ ಓದುವಾಗಲೂ ದೊಡ್ಡ ಚಿಪ್ಪೇ ಎದ್ದು ಕೂತಿರಬೇಕು, ಬ್ಯಾಟರಿ ಬೇಗ ಇಳಿಯುತ್ತದೆ. ಸದಾ ಪ್ಲಗ್ಗಿನಲ್ಲೇ ಇಡುವವರಿಗೆ ಅದು ಲಾಭ, ಕಾಲೇಜಿಗೆ ಹೊತ್ತೊಯ್ಯುವವರಿಗೆ ಕಷ್ಟ.

ಪರದೆ ನೋಡಲು ಒಂದು ಪೆನ್‌ಡ್ರೈವ್ ಜೇಬಿನಲ್ಲಿಟ್ಟುಕೊಂಡಿದ್ದೆ. ಅದರಲ್ಲಿ ಅಮ್ಮ ಪೂಜೆಗೆ ಇಟ್ಟ ತಟ್ಟೆಯ ಫೋಟೋ: ಅರಿಶಿನ, ಕುಂಕುಮ, ಕೆಂಪು ದಾಸವಾಳ, ವೀಳ್ಯದೆಲೆ. ಅಕ್ಕಪಕ್ಕದ ಎರಡು ಯಂತ್ರದಲ್ಲಿ ಅದನ್ನೇ ತೆರೆದೆ. ಎರಡೂ 144 ಹರ್ಟ್ಜ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥವು), ಎರಡೂ ಐಪಿಎಸ್ ಅನ್ನುವ ಬಗೆಯ ಪರದೆ. ಒಂದರಲ್ಲಿ ಕುಂಕುಮ ಕುಂಕುಮದ ಹಾಗೇ ಇತ್ತು. ಇನ್ನೊಂದರಲ್ಲಿ ಕಾವಿಗೆ ತಿರುಗಿತ್ತು, ದಾಸವಾಳಕ್ಕೂ ಕುಂಕುಮಕ್ಕೂ ವ್ಯತ್ಯಾಸವೇ ಗೊತ್ತಾಗುತ್ತಿರಲಿಲ್ಲ. ವಿವರ ತೆಗೆದು ನೋಡಿದರೆ ಮೊದಲನೆಯದು 100% ಎಸ್‌ಆರ್‌ಜಿಬಿ, ಎರಡನೆಯದು 45% ಎನ್‌ಟಿಎಸ್‌ಸಿ, ಬೆಳಕು 250 ನಿಟ್ಸ್. ಎಸ್‌ಆರ್‌ಜಿಬಿ, ಎನ್‌ಟಿಎಸ್‌ಸಿ ಎರಡೂ ಪರದೆ ಎಷ್ಟು ಬಣ್ಣ ತೋರಿಸುತ್ತದೆ ಅನ್ನುವ ಅಳತೆಗಳು. ಆ 45% ಅನ್ನುವುದು ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಮೂರರಲ್ಲಿ ಎರಡು ಪಾಲೂ ತುಂಬುವುದಿಲ್ಲ. ಅಗ್ಗದ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಕಂಪನಿಗಳು ಮೊದಲು ಕತ್ತರಿ ಹಾಕುವುದು ಇಲ್ಲೇ. ಹರ್ಟ್ಜ್ ದೊಡ್ಡದಾಗಿ ಬರೆಯುತ್ತಾರೆ, ಬಣ್ಣದ ಬಗ್ಗೆ ಸುಮ್ಮನಿರುತ್ತಾರೆ. ವರ್ಷಗಟ್ಟಲೆ ದಿನಾ ನೋಡುವ ಭಾಗ ಅದು, ಅಲ್ವಾ? ಇದೊಂದರ ಮೇಲೆ ನನ್ನ ಪಟ್ಟಿಯಿಂದ ಎರಡು ಯಂತ್ರ ಹೊರಗೆ ಹೋದವು.

ಕೊನೆಗೆ ಯಾವುದು ಕೊಂಡೆ ಅಂತ ಹೆಸರು ಹೇಳುವುದಿಲ್ಲ. ಏಸರ್ ನೈಟ್ರೊ ವಿ, ಎಚ್‌ಪಿ ವಿಕ್ಟಸ್, ಲೆನೊವೊ ಎಲ್‌ಒಕ್ಯೂ, ಆಸುಸ್ ಟಫ್ ಎಲ್ಲ ನೋಡಿದ್ದೆ. ಒಂದೇ ಹೆಸರಿನಡಿ ಬೇರೆ ಬೇರೆ ಪರದೆ, ಬೇರೆ ಬೇರೆ ವ್ಯಾಟ್ ಬರುತ್ತವೆ. ನಾನು ಹೆಸರು ಹೇಳಿದರೆ ನೀವು ಅದೇ ಹೆಸರಿನ ಇನ್ನೊಂದು ಡಬ್ಬ ತಂದುಬಿಡುತ್ತೀರಿ. ಡಬ್ಬದ ಮೇಲಿನ ಉದ್ದ ಪಾರ್ಟ್ ನಂಬರ್ ಬರೆದುಕೊಂಡು ಕಂಪನಿಯ ಸ್ಪೆಕ್ ಪಟ್ಟಿಯಲ್ಲಿ ಹುಡುಕಿ. ನನ್ನದು 6 ಜಿಬಿಯ 4050, 100% ಎಸ್‌ಆರ್‌ಜಿಬಿ ಪರದೆ, 8 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. 8 ಜಿಬಿ ಅಂದಾಗ ಸ್ನೇಹಿತ ನಕ್ಕ. ನಗಲಿ, ಅದು ಬಲಗಡೆಯ ವಿಷಯ.

ಬೆಲೆ ವಿಷಯಕ್ಕೆ ಎರಡು ಮಾತು. ಬ್ಯಾಂಕ್ ಕಾರ್ಡಿನ 10% ರಿಯಾಯಿತಿಗೆ ಮೇಲಿನ ಮಿತಿ ಇರುತ್ತದೆ, 70 ಸಾವಿರಕ್ಕೆ 7 ಸಾವಿರ ಬಿಡುತ್ತಾರೆ ಅಂದುಕೊಳ್ಳಬೇಡಿ. ‘ನೋ ಕಾಸ್ಟ್ ಇಎಂಐ’ ಅಂದರೂ ಬಡ್ಡಿಯ ಮೇಲೆ 18% ಜಿಎಸ್‌ಟಿ ಕಟ್ಟಬೇಕು, ಬ್ಯಾಂಕಿನ ಪ್ರೊಸೆಸಿಂಗ್ ಫೀ ಬೇರೆ. ದೊಡ್ಡ ಮೊತ್ತವೇನಲ್ಲ, ಆದರೆ ಸೊನ್ನೆಯೂ ಅಲ್ಲ. ಉಳಿದ ದುಡ್ಡಲ್ಲಿ ವಾರಂಟಿ ವಿಸ್ತರಿಸಿದೆ.

ರ‍್ಯಾಮ್ ನಾನೇ ಹಾಕಿದೆ. ಮೊದಲು ಕಂಪನಿಗೆ ಇಮೇಲ್ ಕಳಿಸಿ, ಹಿಂಬದಿ ಮುಚ್ಚಳ ತೆರೆದರೆ ವಾರಂಟಿಗೆ ತೊಂದರೆ ಇಲ್ಲ ಅಂತ ಬರೆಸಿಕೊಂಡೆ. ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ತಿರುಗಿಸಿ ಸ್ಕ್ರೂ ಬಿಚ್ಚಿದೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ, ಹಾಳೆಯ ಮೇಲೆ ಅದೇ ಜಾಗದಲ್ಲಿ ಜೋಡಿಸಿಡಬೇಕು. ಮುಚ್ಚಳದ ಅಂಚಿಗೆ ಹಳೇ ಎಟಿಎಂ ಕಾರ್ಡ್ ತೂರಿಸಿ ಸರಿಸಿದರೆ ಕ್ಲಿಪ್ಪುಗಳು ಟಕ್ ಟಕ್ ಅಂತ ಬಿಡುತ್ತವೆ. ಮೊದಲ ಸದ್ದಿಗೆ ಏನೋ ಮುರಿಯಿತು ಅನ್ನಿಸುತ್ತೆ, ಮುರಿದಿರುವುದಿಲ್ಲ. ಬ್ಯಾಟರಿಯ ವೈರ್ ಬಿಡಿಸಿದ ಮೇಲೆಯೇ ಮುಂದಿನ ಕೆಲಸ. ಹೊಸ ರ‍್ಯಾಮ್ ಕಡ್ಡಿಯನ್ನು ಓರೆಯಾಗಿ ಸ್ಲಾಟಿಗೆ ತೂರಿಸಿ ಕೆಳಕ್ಕೆ ಒತ್ತಿದರೆ ಎರಡೂ ಬದಿಯ ಕೊಕ್ಕೆ ಹಿಡಿದುಕೊಳ್ಳುತ್ತವೆ. ಆಮೇಲೆ ಆನ್ ಮಾಡಿದರೆ ಪರದೆ ಕಪ್ಪು. ಇಲ್ಲಿ ಗಾಬರಿ ಬೀಳಬೇಡಿ. ಡಿಡಿಆರ್5 ರ‍್ಯಾಮ್ ಬದಲಾದಾಗ ಬೋರ್ಡ್ ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತೆ. ಪವರ್ ಬಟನ್ ಒತ್ತಿ ಹಿಡಿಯದೆ ಕಾದರೆ ತಾನೇ ಬರುತ್ತದೆ.

‘ಡಿಡಿಆರ್5 ಒಂದೇ ಕಡ್ಡಿಯಲ್ಲೇ ಡ್ಯುಯಲ್ ಚಾನೆಲ್ ಸರ್, ಇನ್ನೊಂದು ಬೇಡ’ ಅಂತ ಒಬ್ಬ ಅಂಗಡಿಯವರು ಹೇಳಿದ್ದರು. ಡ್ಯುಯಲ್ ಚಾನೆಲ್ ಅಂದರೆ ಮೆಮೊರಿಗೆ ಎರಡು ದಾರಿ. ಒಂದು ಕಡ್ಡಿಯೊಳಗೆ ಎರಡು 32 ಬಿಟ್ ದಾರಿ ಇರುವುದು ನಿಜ, ಆದರೆ ಕೂಡಿಸಿದರೆ ಅದೇ 64 ಬಿಟ್. ಎರಡು ಕಡ್ಡಿ ಹಾಕಿದರೇ 128. ಹಾಕಿದ ಮೇಲೆ ಸೈಬರ್‌ಪಂಕ್‌ನಲ್ಲಿ ಸರಾಸರಿ ಎಫ್‌ಪಿಎಸ್ ಸ್ವಲ್ಪ ಏರಿತು. ಅದಕ್ಕಿಂತ ಮುಖ್ಯವಾಗಿ, ಜನ ತುಂಬಿದ ಬೀದಿಯಲ್ಲಿ ಕಾರು ಓಡಿಸುವಾಗ ಗಕ್ಕನೆ ನಿಲ್ಲುತ್ತಿದ್ದುದು ತಪ್ಪಿತು.

ಬೇಸಿಗೆಯಲ್ಲಿ ಬಳ್ಳಾರಿಗೆ ಒಯ್ದಾಗ ಇನ್ನೊಂದು ಪರೀಕ್ಷೆ. ಹೊರಗೆ 40 ಡಿಗ್ರಿ ಇದ್ದರೆ ಫ್ಯಾನು ಎಳೆದುಕೊಳ್ಳುವ ಗಾಳಿಯೇ ಬಿಸಿ. ಪ್ರೊಸೆಸರ್ 95 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತಿತ್ತು. ಕೂಲಿಂಗ್ ಪ್ಯಾಡ್ ಕೊಳ್ಳಲಿಲ್ಲ. ಹಿಂಬದಿಯನ್ನು ಒಂದಿಂಚು ಎತ್ತರಿಸಿದೆ, ಆಟವನ್ನು 60 ಎಫ್‌ಪಿಎಸ್‌ಗೆ ಕಟ್ಟಿಹಾಕಿದೆ. ವಿಂಡೋಸ್ ಪವರ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದೆ. ಆ ಒಂದು ಅಂಕೆಗೆ ಟರ್ಬೊ ಬೂಸ್ಟ್ (ಪ್ರೊಸೆಸರ್ ಆಗಾಗ ವೇಗ ಏರಿಸಿಕೊಳ್ಳುವುದು) ನಿಂತುಹೋಗುತ್ತದೆ, ಶಾಖ ಚೆನ್ನಾಗಿ ಇಳಿಯುತ್ತದೆ. ನನ್ನ ಆಟಗಳಲ್ಲಿ ವೇಗದ ವ್ಯತ್ಯಾಸ ಕಣ್ಣಿಗೆ ಬೀಳಲಿಲ್ಲ. ಕರೆಂಟ್ ಹೋದಾಗ ಮನೆಯ ಇನ್ವರ್ಟರ್ ಮೇಲೂ ಓಡಿತು, ಆದರೆ 150 ವ್ಯಾಟ್ ಅಂದರೆ ಎರಡು ಸೀಲಿಂಗ್ ಫ್ಯಾನಿನಷ್ಟು ಲೋಡು. ಅಪ್ಪ ಬಂದು ಪ್ಲಗ್ ತೆಗೆದರು. ಬ್ಯಾಟರಿ ಮೇಲೆ ಗ್ರಾಫಿಕ್ಸ್ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅಲ್ಲಿಗೆ ಆಟ ಮುಗಿಯಿತು.

ಇವತ್ತು ಕೊಳ್ಳುವವರಿಗೆ ನನ್ನ ಹಾಳೆಯ ಎಡಗಡೆ ಹಾಗೇ ನಡೆಯುತ್ತದೆ. 2025ರಲ್ಲಿ ಬಂದ 5050ರಲ್ಲಿ 8 ಜಿಬಿ ವಿಡಿಯೋ ಮೆಮೊರಿ ಇದೆ, ಬಜೆಟ್ಟಿಗೆ ಎಟುಕಿದರೆ 4050ಕ್ಕಿಂತ ಅದನ್ನೇ ನೋಡಿ. ಬಲಗಡೆ ಲೆಕ್ಕ ಮಾತ್ರ ತಿರುಗಿದೆ. 2025ರ ಕೊನೆಯ ಹೊತ್ತಿಗೆ ಎಐ ಸರ್ವರ್‌ಗಳ ಬೇಡಿಕೆಯಿಂದ ಮೆಮೊರಿ ಬೆಲೆ ವಿಪರೀತ ಏರಿತು. ನಾನು ಮಾಡಿದ ಹಾಗೆ 8 ಜಿಬಿ ತಂದು ಆಮೇಲೆ ಅಗ್ಗಕ್ಕೆ ಇನ್ನೊಂದು ಕಡ್ಡಿ ಹಾಕೋಣ ಅನ್ನುವ ಹಾಗಿಲ್ಲ. ಆರ್ಡರ್ ಮಾಡುವ ಮುಂಚೆ ಬಿಡಿ ಕಡ್ಡಿಯ ಅವತ್ತಿನ ಬೆಲೆ ಕೇಳಿ, 8 ಮತ್ತು 16 ಜಿಬಿ ಮಾಡೆಲ್‌ಗಳ ಬೆಲೆ ವ್ಯತ್ಯಾಸದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಡಿಮೆ ಇದ್ದರೆ 16ರದ್ದೇ ತಗೊಳ್ಳಿ, ಒಂದು ಸ್ಲಾಟ್ ಖಾಲಿ ಇದೆಯಾ ಅಂತ ಕೇಳಿಕೊಂಡು.