ತಪ್ಪು ಉತ್ತರ ಬಂದಾಗ ಹೇಳಿಕೊಡುವ ಆತುರ ಬೇಡ
ಲೆಕ್ಕ ಒಂದು ಸಲ ತಪ್ಪಾದರೆ ಸಾಕು, ಪುಸ್ತಕ ಮುಚ್ಚಿ ಕೂತುಬಿಡುವ ಮಕ್ಕಳು ಎಲ್ಲ ತರಗತಿಯಲ್ಲೂ ಇರುತ್ತಾರೆ ಅಲ್ವಾ? ಅವರಿಗೆ ಸುಮ್ನೆ 'ಧೈರ್ಯ ತಗೋ' ಅಂದರೆ ಏನೂ ಆಗುವುದಿಲ್ಲ. ಉತ್ತರವನ್ನೂ ನೀವೇ ಬರೆದುಕೊಡಬೇಡಿ. 'ಎಲ್ಲಿವರೆಗೆ ಸರಿ ಬಂದಿದೆ, ತೋರಿಸು' ಅಂತ ಕೇಳಿ. ಸರಿಯಿರುವ ಹಂತಕ್ಕೆ ಮಗುವಿನ ಕೈಯಲ್ಲೇ ಟಿಕ್ ಹಾಕಿಸಿ, ಮುಂದಿನ ಒಂದೇ ಒಂದು ಹಂತಕ್ಕೆ ಸುಳಿವು ಕೊಟ್ಟು ಅಲ್ಲಿಂದ ಎದ್ದು ಹೋಗಿ, ಯಾಕಂದರೆ ನೀವು ಪಕ್ಕದಲ್ಲೇ ನಿಂತಿದ್ದರೆ ಮಗು ಯೋಚಿಸುವುದು ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತದೆ.

ಹೊಗಳುವಾಗಲೂ ಜೋಪಾನ. ಅಮೆರಿಕದ ಮನಶ್ಶಾಸ್ತ್ರ ಸಂಶೋಧಕರಾದ ಕ್ಲೌಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 'ನೀನು ಜಾಣ' ಅನ್ನಿಸಿಕೊಂಡ ಐದನೇ ತರಗತಿ ಮಕ್ಕಳು ಕಷ್ಟದ ಪ್ರಶ್ನೆಗಳಲ್ಲಿ ಸೋತ ಮೇಲೆ ಬೇಗ ಉತ್ಸಾಹ ಕಳೆದುಕೊಂಡರು. ಶ್ರಮಕ್ಕೆ ಹೊಗಳಿಕೆ ಪಡೆದವರು ಹಾಗಾಗಲಿಲ್ಲ. ಹಾಗಂತ ಕಲಿಯದಿದ್ದರೂ ಸುಮ್ನೆ ಬೆನ್ನು ತಟ್ಟುವುದು ನನಗೆ ಸರಿ ಕಾಣುವುದಿಲ್ಲ. 'ಈ ಸಲ ಬೇರೆ ದಾರಿ ಹಿಡಿದೆ, ಅದಕ್ಕೇ ಬಂತು' ಅಂತ ಬಿಡಿಸಿ ಹೇಳಿ.

ತಿದ್ದಿ ಮತ್ತೆ ಬರೆದ ಉತ್ತರಕ್ಕೂ ಅಂಕ ಕೊಡಿ, ದಯವಿಟ್ಟು.

ಒಂದು ಮಾತು, ತುಂಬಾ ದಿನದಿಂದ ಮಂಕಾಗಿರುವ ಮಗುವಿಗೆ ಇದಿಷ್ಟೇ ಸಾಲದು. ಮೊದಲು ಕೂರಿಸಿಕೊಂಡು ಮಾತಾಡಿಸಿ, ಮನೆಯವರ ಜೊತೆ ಮಾತಾಡಿ, ಬೇಕಾದರೆ ಕೌನ್ಸೆಲರ್ ಸಹಾಯ ತಗೊಳ್ಳಿ.