ಹಬೆಯಿಂದ ಹೈಡ್ರೋಜನ್: ಪೊರೆ ಕೂಡಿಸಿದ ನನ್ನ ಅನುಭವ

ವಿದ್ಯುತ್ ಹಾಯಿಸಿ ಹಬೆ ಒಡೆದು ಹೈಡ್ರೋಜನ್ ತೆಗೆಯುವ ಕೋಶ ಅಂದರೆ ಮಾತೆಲ್ಲ ಎಲೆಕ್ಟ್ರೋಡಿನ ಸುತ್ತಲೇ ತಿರುಗುತ್ತದೆ. ಧಾರವಾಡದ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುತ್ತ ನನಗೆ ಖಾತ್ರಿಯಾಗಿದ್ದು ಬೇರೆ: ಕೋಶದ ಹಣೆಬರಹ ಇರುವುದು ನಡುವಿನ ಸೆರಾಮಿಕ್ ಪೊರೆಯಲ್ಲಿ. ಅದರಲ್ಲೂ ಅರ್ಧದಷ್ಟು, ಪೊರೆ ಕುಲುಮೆಗೆ ಹೋಗುವ ಮೊದಲೇ ತೀರ್ಮಾನವಾಗಿರುತ್ತದೆ.

ಈ ಕೋಶ ನಡೆಯುವುದು ನೂರಾರು ಡಿಗ್ರಿ ಬಿಸಿಯಲ್ಲಿ. ಇಷ್ಟು ಬಿಸಿ ಯಾಕೆ ಬೇಕು? ನೀರು ಒಡೆಯಲು ಬೇಕಾದ ಶಕ್ತಿಯ ಒಂದು ಪಾಲನ್ನು ಶಾಖವೇ ಕೊಡುತ್ತದೆ. ಹೊರಗಿನಿಂದ ಶಾಖ ಕೊಡದೆ, ಒಳಗಿನದನ್ನೂ ಕಳೆಯದೆ ಕೋಶ ನಡೆಯಲು 25 ಡಿಗ್ರಿ ನೀರಿಗೆ 1.48 ವೋಲ್ಟ್ ಬೇಕು. 800 ಡಿಗ್ರಿ ಹಬೆಗೆ ಸುಮಾರು 1.29 ಸಾಕು. ಗದಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ನೋಡಿದಾಗಲೆಲ್ಲ ನನಗೆ ಈ ಲೆಕ್ಕ ನೆನಪಾಗುತ್ತದೆ. ಅಷ್ಟೇ ವಿದ್ಯುತ್ತಿನಲ್ಲಿ ಹೆಚ್ಚು ಹೈಡ್ರೋಜನ್ ತೆಗೆಯಬಹುದು, ಹಬೆ ಮಾಡುವ ಶಾಖ ಯಾವುದಾದರೂ ಕಾರ್ಖಾನೆಯಿಂದ ಸಿಕ್ಕರೆ.

ಪೊರೆಗೆ ಹಳೆಯ ದಾರಿ ಯಿಟ್ರಿಯಾ ಬೆರೆಸಿದ ಜಿರ್ಕೋನಿಯಾ ಎಂಬ ಸೆರಾಮಿಕ್. ಅದು ಆಕ್ಸಿಜನ್ ಅಯಾನನ್ನು (ವಿದ್ಯುದಂಶ ಹೊತ್ತ ಆಕ್ಸಿಜನ್ ಕಣವನ್ನು) ದಾಟಿಸುತ್ತದೆ, 700ರಿಂದ 850 ಡಿಗ್ರಿ ಬೇಕು, ಹೈಡ್ರೋಜನ್ ಉಳಿದ ಹಬೆಯ ಜೊತೆ ಕಲೆತೇ ಬರುತ್ತದೆ. ನಾವು ಹಿಡಿದದ್ದು ಪ್ರೋಟಾನ್, ಅಂದರೆ ಹೈಡ್ರೋಜನ್ ಅಯಾನು, ದಾಟಿಸುವ ಬೇರಿಯಂ ಸೆರಾಮಿಕ್; ಅದರಲ್ಲಿ ಬೇರಿಯಂ ಜೊತೆ ಸೀರಿಯಂ, ಜಿರ್ಕೋನಿಯಂ ಲೋಹಗಳೂ ಇರುತ್ತವೆ. 500-600 ಡಿಗ್ರಿಯಲ್ಲೇ ಕೆಲಸ, ಹೈಡ್ರೋಜನ್ ಪೊರೆಯ ಆಚೆ ಬದಿಗೆ ಒಣಗಿಯೇ ಬರುತ್ತದೆ. ಆದರೆ ಸೀರಿಯಂ ಹೆಚ್ಚಿಸಿದರೆ ಕಾರ್ಬನ್ ಡೈಆಕ್ಸೈಡ್ ತಾಗಿ ಬೇರಿಯಂ ಕಾರ್ಬೊನೇಟ್ ಆಗಿ ಪೊರೆ ಕೆಡುತ್ತದೆ. ಜಿರ್ಕೋನಿಯಂ ಹೆಚ್ಚಿಸಿದರೆ ಬಾಳಿಕೆ ಬರುತ್ತದೆ, ಕಣಗಳು ಮಾತ್ರ ಒಂದಕ್ಕೊಂದು ಕೂಡಲು ಒಪ್ಪುವುದಿಲ್ಲ. ಹಾಗಾಗಿ ಎರಡನ್ನೂ ಬೆರೆಸುತ್ತೇವೆ.

ಸೀರಿಯಂ ಸೇರದ ಬರೀ ಬೇರಿಯಂ ಜಿರ್ಕೋನೇಟ್ ಗಟ್ಟಿಯಾಗಲು 1600 ಡಿಗ್ರಿ ದಾಟಬೇಕು. ಆ ಬಿಸಿಗೆ ಬೇರಿಯಂ ಆವಿಯಾಗಿ ಹೋಗುತ್ತದೆ, ಪ್ರೋಟಾನ್ ಓಡಾಟಕ್ಕೆ ಅಡ್ಡಿಯಾಗುತ್ತದೆ. ನಿಕಲ್ ಆಕ್ಸೈಡ್ ಸ್ವಲ್ಪವೇ ಸೇರಿಸಿದರೆ 1400-1500ಕ್ಕೇ ಕೂಡುತ್ತದೆ. ಅದರ ಜೊತೆಗೆ ಪೊರೆಯನ್ನು ಅದೇ ಮಿಶ್ರಣದ ಪುಡಿಯೊಳಗೆ ಹೂತಿಟ್ಟು ಸುಡುತ್ತೇವೆ. ಆವಿಯಾಗುವ ಬೇರಿಯಂ ಮೊದಲು ಪುಡಿಯಿಂದ ಹೋಗಲಿ, ಪೊರೆಯದ್ದು ಉಳಿಯಲಿ. ನನ್ನ ಕಣ್ಣಿಗೆ ಇಡೀ ವಿಧಾನದಲ್ಲಿ ಅತ್ಯಂತ ಬೆಲೆಬಾಳುವ ಹೆಜ್ಜೆ ಇದು.

ಅದಕ್ಕೂ ಮೊದಲು ಸ್ಲರಿ, ಅಂದರೆ ಪುಡಿ ಕಲಸಿದ ತೆಳು ಹಿಟ್ಟು. ಪುಡಿ, ದ್ರಾವಕ, ಬೈಂಡರ್ (ಕಣ ಹಿಡಿದಿಡುವ ಅಂಟು) ಬಾಲ್ ಮಿಲ್‌ನಲ್ಲಿ ಅರೆದು, ನಿರ್ವಾತದಲ್ಲಿ ಗುಳ್ಳೆ ತೆಗೆದು, ಹಾಳೆಯ ಮೇಲೆ ತೆಳ್ಳಗೆ ಎಳೆಯುತ್ತೇವೆ. ಒಣಗುವಾಗ ಅಂಚು ಮೇಲೆದ್ದು ಬಾಗುತ್ತಿತ್ತು. ನಮ್ಮ ಲ್ಯಾಬಿನ ಹಿರಿಯ ತಂತ್ರಜ್ಞರು ನೋಡಿ, ‘ಮೇಡಂ, ಹಪ್ಪಳಾ ಗಾಳಿಗಿಟ್ಟಂಗ ಆಗೇತ್ರಿ. ಮ್ಯಾಲ ಮುಚ್ಚಿ ಒಣಗಸ್ರಿ’ ಅಂದರು. ಒಂದು ಬದಿ ಸಣ್ಣ ಸಂದು ಬಿಟ್ಟು ಗಾಜಿನಿಂದ ಮುಚ್ಚಿದೆವು. ದ್ರಾವಕ ನಿಧಾನ ಹೋಯಿತು, ಹಾಳೆ ಸಪಾಟಾಗಿ ಕೂತಿತು. ಬೈಂಡರ್ ಸುಡುವಾಗಲೂ ಅದೇ ನಿಧಾನ: 500 ಡಿಗ್ರಿವರೆಗೆ ನಿಮಿಷಕ್ಕೆ ಒಂದು ಡಿಗ್ರಿಗಿಂತ ಹೆಚ್ಚು ಏರಿಸುವುದಿಲ್ಲ. ಅವಸರಪಟ್ಟರೆ ಒಳಗಿನ ಅನಿಲ ಪೊರೆಯನ್ನೇ ಸೀಳುತ್ತದೆ. ಧಾರವಾಡದ ಜಿಟಿಜಿಟಿ ಮಳೆ ಹಿಡಿದರೆ ಪುಡಿಯನ್ನು ಓವನ್‌ನಿಂದ ನೇರವಾಗಿ ತೂಗುತ್ತೇವೆ. ತೇವ ಹಿಡಿದ ಪುಡಿಯಿಂದ ಬೇರಿಯಂ ಲೆಕ್ಕವೇ ತಪ್ಪುತ್ತದೆ.

ಸುಟ್ಟ ಪೊರೆಯ ಒಂದು ಮುಖಕ್ಕೆ ಕೆಂಪು ಬಣ್ಣದ ದ್ರವ ಹಚ್ಚಿ ಇನ್ನೊಂದು ಮುಖ ನೋಡುತ್ತೇವೆ. ಸೂಜಿಮೊನೆಯಷ್ಟು ಕೆಂಪು ಕಂಡರೂ ಅದು ಕೋಶಕ್ಕೆ ಹೋಗುವುದಿಲ್ಲ.

ಇಷ್ಟಾದ ಮೇಲೂ ಒಂದು ಕಾಡುವ ವಿಷಯವಿದೆ. ಈ ಪೊರೆಗಳು ಪ್ರೋಟಾನ್ ಜೊತೆ ಒಂದಿಷ್ಟು ಎಲೆಕ್ಟ್ರಾನ್ ಹರಿವನ್ನೂ ಬಿಡುತ್ತವೆ. ಹೀಗೆ ಸೋರಿದ ಕರೆಂಟಿನಿಂದ ಹೈಡ್ರೋಜನ್ ಬರುವುದಿಲ್ಲ. ಪೊರೆ ತೆಳುವಾದಷ್ಟೂ ರೋಧ ಇಳಿಯುತ್ತದೆ, ಸೋರಿಕೆ ಏರುತ್ತದೆ. ಅದಕ್ಕೇ ನಾನು ಮೀಟರಿನ ಕರೆಂಟನ್ನಷ್ಟೇ ನಂಬುವುದಿಲ್ಲ. ಹೊರಬಂದ ಹೈಡ್ರೋಜನ್ನನ್ನು ಗ್ಯಾಸ್ ಕ್ರೊಮಟೊಗ್ರಾಫಿನಲ್ಲಿ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರದಲ್ಲಿ) ಅಳೆದು ಎರಡನ್ನೂ ತಾಳೆ ಹಾಕುತ್ತೇನೆ. ಹಬೆಯ ಪಾಲು ಹೆಚ್ಚಿಸಿದರೆ ಸೋರಿಕೆ ತಗ್ಗುತ್ತದೆ. ಸದ್ಯ ಪೊರೆಯನ್ನು ಇನ್ನೂ ತೆಳುಗೊಳಿಸುವುದು ಬಿಟ್ಟು, ಹಬೆಯನ್ನು ಹಂತ ಹಂತವಾಗಿ ಏರಿಸಿ ನೋಡುತ್ತಿದ್ದೇವೆ.